ಮುಟ್ಟದ ಇಮೇಲ್‌ಗೆ ‘ಮುಟ್ಟಿತು’ ಎಂದವರು ಯಾರು? ಸ್ವಂತ ಫೆಚ್‌ಮೇಲ್ ವ್ಯವಸ್ಥೆಯಲ್ಲಿ ಸಂದೇಶ ಕಾಣೆಯಾದಾಗ ದೋಷ ಹುಡುಕುವ ಬಗೆ

ದೂರದ ಸರ್ವರಿನ ಅಂಚೆಪೆಟ್ಟಿಗೆಯಿಂದ ಫೆಚ್‌ಮೇಲ್ ಮೂಲಕ ಇಮೇಲ್‌ಗಳನ್ನು ಇಳಿಸಿಕೊಂಡು, ಮನೆಯಲ್ಲೋ ಕಚೇರಿಯಲ್ಲೋ ಇರುವ ಲಿನಕ್ಸ್ ಯಂತ್ರದಲ್ಲಿ ಮೇಲ್‌ಡಿರ್ ರೂಪದಲ್ಲಿ, ಅಂದರೆ ಸಂದೇಶಕ್ಕೊಂದು ಕಡತದಂತೆ, ಕೂಡಿಟ್ಟು, ಡವ್‌ಕಾಟ್ ಎಂಬ ಅಂಚೆ ಸರ್ವರಿನ ಮೂಲಕ ಓದುವ ವ್ಯವಸ್ಥೆಯನ್ನು ತಾವೇ ನೋಡಿಕೊಳ್ಳುವವರಿಗಾಗಿ ಈ ಕೈಪಿಡಿಯನ್ನು ಬರೆದಿದ್ದೇನೆ. ಇಲ್ಲಿ ಹುಡುಕುತ್ತಿರುವ ದೋಷದ ಲಕ್ಷಣ ಇಷ್ಟು: ಕಳಿಸಿದವರು ಕಳಿಸಿದ್ದೇವೆ ಎನ್ನುತ್ತಾರೆ, ತಲುಪಲಿಲ್ಲವೆಂಬ ಸೂಚನೆ ಅವರಿಗೆ ಬಂದಿಲ್ಲ, ಸರ್ವರಿನ ಪೆಟ್ಟಿಗೆಯಲ್ಲಿ ಸಂದೇಶವಿಲ್ಲ, ನಮ್ಮ ಯಂತ್ರದಲ್ಲೂ ಇಲ್ಲ.

ನಮ್ಮ ಮನೆಯ ಯಂತ್ರದಲ್ಲಿ ಇದು ಸಂಭವಿಸಿದಾಗ ಲಾಗ್ ಕಡತದ ಹನ್ನೊಂದು ಸಾಲುಗಳು ಒಂದರ ಕೆಳಗೊಂದು ‘ತಲುಪಿಸಲಾಯಿತು’ ಎಂದು ಹೇಳುತ್ತಿದ್ದವು; ಆ ಹನ್ನೊಂದರಲ್ಲಿ ಒಂದು ಸಂದೇಶವೂ ಡಿಸ್ಕಿನ ಮೇಲಿರಲಿಲ್ಲ. ಊರಿನಿಂದ ಅಕ್ಕ ಫೋನ್ ಮಾಡಿ, ತಾನು ಸ್ಕ್ಯಾನ್ ಮಾಡಿ ಕಳಿಸಿದ್ದ ಪಹಣಿಯ ಪ್ರತಿ ಬಂತೇ ಎಂದು ಕೇಳದೇ ಹೋಗಿದ್ದರೆ ಅದು ಇನ್ನೆಷ್ಟು ದಿನ ಗೊತ್ತಾಗುತ್ತಿರಲಿಲ್ಲವೋ ಹೇಳಲಾರೆ. ಸಂದೇಶ ತಡವಾಗಿ ಬಂದರೆ ಕಾಯಬಹುದು, ಎರಡೆರಡು ಬಾರಿ ಬಂದರೆ ಒಂದನ್ನು ಅಳಿಸಬಹುದು. ಆದರೆ ಬಂದೇ ಇಲ್ಲವೆಂಬುದು ಯಾರಾದರೂ ಕೇಳುವ ತನಕ ತಿಳಿಯುವುದೇ ಇಲ್ಲ. ಆದ್ದರಿಂದ ಈ ವ್ಯವಸ್ಥೆಯಲ್ಲಿ ಎಲ್ಲೆಲ್ಲಿ ಆಯ್ಕೆ ಇದೆಯೋ ಅಲ್ಲೆಲ್ಲ ತಡವನ್ನೂ ನಕಲನ್ನೂ ಒಪ್ಪಿಕೊಂಡು ನಷ್ಟವನ್ನು ತಪ್ಪಿಸಬೇಕು ಎಂಬುದೇ ನನ್ನ ನಿಲುವು; ಮುಂದೆ ಹೇಳುವುದೆಲ್ಲವೂ ಅದರಿಂದಲೇ ಹುಟ್ಟಿದ್ದು.

ದೋಷ ಇರುವ ಜಾಗ

ಸಂದೇಶವೊಂದು ಕಳಿಸಿದವರ ಕೈಬಿಟ್ಟು ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ನಾಲ್ಕೈದು ಕೈ ದಾಟಿರುತ್ತದೆ. ಪ್ರತಿ ದಾಟುವಿಕೆಗೂ ನಿಯಮ ಒಂದೇ: ಪಡೆಯುವವನು ಡಿಸ್ಕಿಗೆ ಬರೆದು ‘ಮುಟ್ಟಿತು’ ಎನ್ನುವ ತನಕ ಕೊಡುವವನು ತನ್ನ ಪ್ರತಿಯನ್ನು ಅಳಿಸಕೂಡದು. 1996ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1939 ಎಂಬ ಅಂತರಜಾಲ ದಾಖಲೆ, ಅಂದರೆ ಅಂಚೆಪೆಟ್ಟಿಗೆಯಿಂದ ಇಮೇಲ್ ಇಳಿಸಿಕೊಳ್ಳುವ ಪಾಪ್3 ವಿಧಾನದ ನಿಯಮಾವಳಿ, ಇದನ್ನು ಬಹಳ ಎಚ್ಚರದಿಂದ ರೂಪಿಸಿದೆ. ಅಳಿಸು ಎಂಬ ಆಜ್ಞೆ ಬಂದಾಗ ಸರ್ವರ್ ಆ ಸಂದೇಶಕ್ಕೆ ಗುರುತನ್ನಷ್ಟೇ ಹಾಕುತ್ತದೆ. ಕೊನೆಯಲ್ಲಿ ‘ಕ್ವಿಟ್’ ಎಂಬ ಆಜ್ಞೆ ಬಂದ ಮೇಲೆಯೇ ನಿಜವಾಗಿ ಅಳಿಸುತ್ತದೆ. ನಡುವೆ ಸಂಪರ್ಕ ಕಡಿದುಹೋದರೆ ಒಂದನ್ನೂ ಅಳಿಸುವಂತಿಲ್ಲ. ಇಮೇಲನ್ನು ಸರ್ವರಿಗೆ ಒಪ್ಪಿಸುವ ಎಸ್‌ಎಂಟಿಪಿ ವಿಧಾನದಲ್ಲೂ ಹಾಗೆಯೇ, ಸಂದೇಶದ ಕೊನೆಯ ಚುಕ್ಕೆಯ ನಂತರ 250 ಎಂಬ ಉತ್ತರ ಕೊಟ್ಟ ಸರ್ವರು ಅಲ್ಲಿಂದಾಚೆಗೆ ಆ ಸಂದೇಶದ ಹೊಣೆ ಹೊತ್ತಂತೆ. ಹೀಗಾಗಿ ‘ನಡುವೆ ನೆಟ್ ಹೋಯಿತು, ಅದಕ್ಕೇ ಮೇಲ್ ಹೋಯಿತು’ ಎಂದು ಎಲ್ಲರಿಗೂ ಮೊದಲು ಬರುವ ಅನುಮಾನ ಸಾಮಾನ್ಯವಾಗಿ ತಪ್ಪು. ನೆಟ್ ಹೋದರೆ ಸಂದೇಶ ಎರಡು ಸಲ ಬರುತ್ತದೆಯೇ ಹೊರತು ಕಳೆದುಹೋಗುವುದಿಲ್ಲ. ಕಳೆದುಹೋಗಬೇಕಾದರೆ ಈ ಸಾಲಿನಲ್ಲಿ ಯಾರೋ ಒಬ್ಬರು ಡಿಸ್ಕಿಗೆ ಬರೆಯದೆಯೇ ‘ಮುಟ್ಟಿತು’ ಎಂದು ಹೇಳಿರಬೇಕು. ದೋಷ ಹುಡುಕುವುದೆಂದರೆ ಆ ಸುಳ್ಳು ರಸೀದಿ ಬರೆದವರನ್ನು ಹುಡುಕುವುದು.

ಮೊದಲು ನಿಲ್ಲಿಸಿ

ಅನುಮಾನ ಬಂದ ಕೂಡಲೇ ಮಾಡಬೇಕಾದ ಕೆಲಸ ಫೆಚ್‌ಮೇಲನ್ನು ನಿಲ್ಲಿಸುವುದು. ಹಿನ್ನೆಲೆಯಲ್ಲಿ ಓಡುತ್ತಿದ್ದರೆ ‘ಕ್ವಿಟ್’ ಆಯ್ಕೆಯೊಂದಿಗೆ ಕರೆದು ನಿಲ್ಲಿಸಿ; ನಿಗದಿತ ಹೊತ್ತಿಗೆ ಪ್ರೋಗ್ರಾಮುಗಳನ್ನು ಓಡಿಸುವ ಕ್ರಾನ್ ಅಥವಾ ಸಿಸ್ಟಮ್‌ಡಿಯ ಟೈಮರ್ ಅದನ್ನು ಮತ್ತೆ ಎಬ್ಬಿಸದಂತೆ ಅದನ್ನೂ ತಡೆಯಿರಿ. ಸಂದೇಶಗಳು ಸರ್ವರಿನಲ್ಲಿ ಕೂಡುತ್ತಾ ಹೋಗುತ್ತವೆ, ಅದರಿಂದ ತೊಂದರೆಯಿಲ್ಲ. ಆಮೇಲೆ ಸಂರಚನಾ ಕಡತ, ಇಳಿಸಿದ ಸಂದೇಶಗಳ ಗುರುತುಗಳನ್ನು ಬರೆದಿಟ್ಟುಕೊಳ್ಳುವ ಫೆಚ್‌ಐಡಿಎಸ್ ಕಡತ, ಮೇಲ್ ಲಾಗ್ ಇವು ಮೂರರ ಪ್ರತಿಯನ್ನು ಬೇರೆಡೆಗೆ ತೆಗೆದಿಡಿ. ಲಾಗ್‌ಗಳು ಕೆಲವು ವಾರಗಳಲ್ಲಿ ಸರದಿಯಂತೆ ಅಳಿಸಿಹೋಗುವುದರಿಂದ ಇದನ್ನು ನಾಳೆಗೆ ಬಿಡಬೇಡಿ. ಈ ಹಂತದಲ್ಲಿ ಯಾವ ಸಾಫ್ಟ್‌ವೇರನ್ನೂ ಅಪ್‌ಡೇಟ್ ಮಾಡಬೇಡಿ, ಯಾವ ಸೆಟ್ಟಿಂಗನ್ನೂ ಸರಿಪಡಿಸಲು ಹೋಗಬೇಡಿ. ದೋಷ ಇರುವಾಗಲೇ ಅದನ್ನು ನೋಡಬೇಕು.

ಕಳೆದಿದೆಯೋ, ಅಡಗಿದೆಯೋ

ಕಳೆದುಹೋಯಿತೆಂದು ಭಾವಿಸಿದ ಸಂದೇಶಗಳಲ್ಲಿ ಅನೇಕವು ಎಲ್ಲೋ ಒಂದು ಕಡೆ ಇರುತ್ತವೆ. ಬ್ರೌಸರಿನಲ್ಲಿ ಅಂಚೆಪೆಟ್ಟಿಗೆಯನ್ನು ತೆರೆದು ಸ್ಪ್ಯಾಮ್ ಫೋಲ್ಡರನ್ನು ನೋಡಿ. ಜಿಮೇಲ್‌ನ ಪಾಪ್ ಸೇವೆ ಸ್ಪ್ಯಾಮ್ ಎಂದು ಗುರುತಿಸಿದ್ದನ್ನು ಇಳಿಸಲು ಕೊಡುವುದಿಲ್ಲ, ಸಂದೇಶಗಳನ್ನು ಸರ್ವರಿನಲ್ಲೇ ಇಟ್ಟು ಓದಲು ಬಿಡುವ ಐಮ್ಯಾಪ್ ವಿಧಾನದಲ್ಲಿ ಫೆಚ್‌ಮೇಲ್ ತಾನಾಗಿ ಇನ್‌ಬಾಕ್ಸನ್ನು ಮಾತ್ರ ನೋಡುತ್ತದೆ. ಐಮ್ಯಾಪ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಯಾವುದು ಹೊಸದು ಎಂಬುದನ್ನು ತಿಳಿಯಲು ಫೆಚ್‌ಮೇಲ್ ಸರ್ವರಿನಲ್ಲಿರುವ ‘ಓದಲಾಗಿದೆ’ ಎಂಬ ಗುರುತನ್ನೇ ನಂಬುತ್ತದೆ. ಬೆಳಗ್ಗೆ ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಒಂದು ಸಂದೇಶವನ್ನು ತೆರೆದಿರೆಂದರೆ ಅದಕ್ಕೆ ಆ ಗುರುತು ಬೀಳುತ್ತದೆ, ಮನೆಯ ಯಂತ್ರ ಅದನ್ನು ಹಳೆಯದೆಂದು ಬಿಟ್ಟು ಮುಂದೆ ಹೋಗುತ್ತದೆ. ಸಂದೇಶ ಸರ್ವರಿನಲ್ಲಿ ಸುರಕ್ಷಿತವಾಗಿಯೇ ಇರುತ್ತದೆ, ನಿಮ್ಮ ಸಂಗ್ರಹದಲ್ಲಿ ಮಾತ್ರ ಇರುವುದಿಲ್ಲ. ‘ಫೆಚ್‌ಆಲ್’ ಎಂಬ ಆಯ್ಕೆ ಇದಕ್ಕೆ ಪರಿಹಾರ.

ನಮ್ಮ ಯಂತ್ರದೊಳಗೆ ಅಡಗುವ ಜಾಗಗಳು ಇನ್ನೂ ಹೆಚ್ಚು. ಬಂದ ಸಂದೇಶಗಳನ್ನು ನಿಯಮಗಳಂತೆ ಫೋಲ್ಡರುಗಳಿಗೆ ಹಂಚುವ ಪ್ರಾಕ್‌ಮೇಲ್ ಬಳಸುವವರು ಫೋಲ್ಡರಿನ ಹೆಸರಿನ ಕೊನೆಯಲ್ಲಿ ಓರೆಗೆರೆ ಹಾಕಿದ್ದೀರಾ ನೋಡಿ. ಓರೆಗೆರೆ ಇದ್ದರೆ ಅದು ಮೇಲ್‌ಡಿರ್ ಎಂದು ತಿಳಿದು ಸಂದೇಶವನ್ನು ‘ನ್ಯೂ’ ಎಂಬ ಒಳಫೋಲ್ಡರಿಗೆ ಹಾಕುತ್ತದೆ. ಇಲ್ಲದಿದ್ದರೆ, ಆ ಹೆಸರಿನ ಡೈರೆಕ್ಟರಿ ಮೊದಲೇ ಇದ್ದಲ್ಲಿ, ‘ಎಂಎಸ್‌ಜಿ’ ಎಂದು ಆರಂಭವಾಗುವ ಹೆಸರಿನ ಕಡತವಾಗಿ ನೇರವಾಗಿ ಅದರೊಳಗೆ ಎಸೆಯುತ್ತದೆ. ಡವ್‌ಕಾಟ್ ಆ ಕಡತಗಳತ್ತ ತಿರುಗಿಯೂ ನೋಡುವುದಿಲ್ಲ. ಒಂದೇ ಒಂದು ಗೆರೆಯಿಂದಾಗುವ ಈ ತಪ್ಪು ತಿಂಗಳುಗಟ್ಟಲೆ ಕಣ್ಣಿಗೆ ಬೀಳದಿರಬಹುದು. ಹಾಗೆಯೇ ಡವ್‌ಕಾಟ್‌ನ ಸಾಮಾನ್ಯ ಮೇಲ್‌ಡಿರ್ ವಿನ್ಯಾಸದಲ್ಲಿ ಉಪಫೋಲ್ಡರುಗಳ ಹೆಸರು ಚುಕ್ಕೆಯಿಂದ ಆರಂಭವಾಗಬೇಕು; ಚುಕ್ಕೆಯಿದ್ದರೂ ಆ ಫೋಲ್ಡರಿಗೆ ಚಂದಾದಾರರಾಗದಿದ್ದರೆ ಹಲವು ಇಮೇಲ್ ಆ್ಯಪ್‌ಗಳು ಅದನ್ನು ತೋರಿಸುವುದಿಲ್ಲ. ಯಾವ ನಿಯಮಕ್ಕೂ ಹೊಂದದ ಸಂದೇಶ ವ್ಯವಸ್ಥೆಯ ಮೂಲ ಅಂಚೆಕಡತಕ್ಕೆ, ಅಂದರೆ ‘ವಾರ್’ ಡೈರೆಕ್ಟರಿಯೊಳಗಿನ ‘ಮೇಲ್’ ಎಂಬಲ್ಲಿ ನಿಮ್ಮ ಬಳಕೆದಾರ ಹೆಸರಿನಲ್ಲಿರುವ ಕಡತಕ್ಕೆ, ಹೋಗಿರಬಹುದು. ಮೇಲ್‌ಡಿರ್‌ನ ‘ಟಿಎಂಪಿ’ ಡೈರೆಕ್ಟರಿಯನ್ನೂ ತಡಮಾಡದೆ ನೋಡಿ. ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಯಂತ್ರ ನಿಂತರೆ ಅರ್ಧ ಬರೆದ ಕಡತ ಅಲ್ಲಿರುತ್ತದೆ, ಮತ್ತು 36 ಗಂಟೆಗಿಂತ ಹಳೆಯದಾದ ಅಂಥ ಕಡತಗಳನ್ನು ಗುಡಿಸಿಹಾಕಲು ಮೇಲ್‌ಡಿರ್‌ನ ನಿಯಮವೇ ಅನುಮತಿ ಕೊಡುತ್ತದೆ.

ಕನ್ನಡದಲ್ಲಿ ಪತ್ರವ್ಯವಹಾರ ಮಾಡುವವರಿಗೆಂದೇ ಒಂದು ಮಾತನ್ನು ಇಲ್ಲಿ ವಿವರವಾಗಿ ಹೇಳಬೇಕು. ಕಾಣೆಯಾದ ಸಂದೇಶದಲ್ಲಿ ‘ಪಹಣಿ’ ಎಂಬ ಪದವಿದೆಯೆಂದು ನೆನಪಿಟ್ಟುಕೊಂಡು ಗ್ರೆಪ್ ಆಜ್ಞೆಯಿಂದ ಇಡೀ ಮೇಲ್‌ಡಿರ್ ಜಾಲಾಡಿದರೆ ಹೆಚ್ಚಾಗಿ ಏನೂ ಸಿಗುವುದಿಲ್ಲ. ಏಕೆಂದರೆ ಡಿಸ್ಕಿನ ಮೇಲೆ ಆ ಪದ ಕನ್ನಡ ಅಕ್ಷರಗಳಲ್ಲಿ ಇರುವುದೇ ಇಲ್ಲ. ವಿಷಯದ ಸಾಲೂ ಪತ್ರದ ಒಡಲೂ ಸಾಮಾನ್ಯವಾಗಿ ಬೇಸ್64 ಸಂಕೇತಕ್ಕೆ ಬದಲಾಗಿರುತ್ತವೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಮೂರು ಬೈಟ್ ಬೇಸ್64ರಲ್ಲಿ ಸರಿಯಾಗಿ ನಾಲ್ಕು ಚಿಹ್ನೆಯಾಗುತ್ತದೆ. ಹೀಗಾಗಿ ‘ಕ’ ಎಂಬುದು ನಾಲ್ಕು ಎಂಬ ಅಂಕಿ, ಎಲ್, ಕೆ, ವಿ ಎಂಬ ನಾಲ್ಕು ಚಿಹ್ನೆಗಳ ಗುಂಪಾಗಿ ಕುಳಿತಿರುತ್ತದೆ. ಸಾಲಿನ ಆರಂಭದಿಂದಲೇ ಕನ್ನಡವಿದ್ದರೆ ಪ್ರತಿ ಗುಂಪೂ ನಾಲ್ಕು-ಎಲ್-ಕೆ ಎಂದೋ ನಾಲ್ಕು-ಎಲ್-ಓ ಎಂದೋ ಆರಂಭವಾಗುವುದನ್ನು ಬರಿಗಣ್ಣಿನಲ್ಲೇ ಗುರುತಿಸಬಹುದು. ನಡುವೆ ಒಂದು ಜಾಗ ಬಿಟ್ಟರೆ ಅಥವಾ ಒಂದು ಇಂಗ್ಲಿಷ್ ಅಕ್ಷರ ಬಂದರೆ ಈ ಹೊಂದಾಣಿಕೆ ಪಲ್ಲಟವಾಗುತ್ತದೆ. ಆದ್ದರಿಂದ ಪದದಿಂದ ಹುಡುಕಬೇಡಿ. ಕಳಿಸಿದವರಿಂದ ಸಂದೇಶದ ಮೆಸೇಜ್-ಐಡಿಯನ್ನು, ಅಂದರೆ ಆ ಒಂದು ಸಂದೇಶಕ್ಕೇ ಇರುವ ಗುರುತನ್ನು, ಕೇಳಿ ಪಡೆಯಿರಿ. ಅವರ ‘ಕಳಿಸಿದವು’ ಫೋಲ್ಡರಿನಲ್ಲಿ ಸಂದೇಶದ ಮೂಲರೂಪ ತೆರೆದರೆ ಅದು ಸಿಗುತ್ತದೆ. ಅದು ಸಂಕೇತಕ್ಕೆ ಬದಲಾಗದೆ ಇದ್ದ ಹಾಗೆಯೇ ಇರುವುದರಿಂದ ಗ್ರೆಪ್‌ಗೆ ಸಿಕ್ಕೇ ಸಿಗುತ್ತದೆ. ಇದೇ ಕಾರಣಕ್ಕೆ, ವಿಷಯದ ಸಾಲಿನಲ್ಲಿ ಕನ್ನಡ ಪದ ಹುಡುಕುವಂತೆ ಬರೆದ ಪ್ರಾಕ್‌ಮೇಲ್ ನಿಯಮಗಳು ಕೆಲಸ ಮಾಡುವುದಿಲ್ಲ, ಸಂದೇಶ ಅವುಗಳನ್ನು ದಾಟಿ ಕೆಳಗಿನ ನಿಯಮಕ್ಕೆ ಬೀಳುತ್ತದೆ. ಆ ಕೊನೆಯ ನಿಯಮ ‘ಗುರುತು ಸಿಗದ್ದೆಲ್ಲ ಡೆವ್-ನಲ್‌ಗೆ’, ಅಂದರೆ ಹಾಕಿದ್ದೆಲ್ಲ ಇಲ್ಲವಾಗುವ ಜಾಗಕ್ಕೆ, ಎಂದಿದ್ದರೆ ನಿಮ್ಮ ಕನ್ನಡ ಪತ್ರಗಳೆಲ್ಲ ಅಲ್ಲಿಗೇ ಹೋಗಿವೆ ಎಂದು ತಿಳಿಯಿರಿ.

ಒಂದು ಸಂದೇಶದ ಹೆಜ್ಜೆ ಹಿಡಿಯುವುದು

ಎಲ್ಲೂ ಅಡಗಿಲ್ಲವೆಂದು ಖಚಿತವಾದ ಮೇಲೆ ಕಾಣೆಯಾದವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಅದರ ಹೆಜ್ಜೆಗಳನ್ನು ಲಾಗಿನಲ್ಲಿ ಹುಡುಕಬೇಕು. ಫೆಚ್‌ಮೇಲ್ ಪ್ರತಿ ಸಂದೇಶಕ್ಕೂ ಅದರ ಕ್ರಮಸಂಖ್ಯೆ, ಎಷ್ಟು ಆಕ್ಟೆಟ್‌ಗಳಷ್ಟು (ಬೈಟ್‌ಗಳಷ್ಟು) ದೊಡ್ಡದು ಎಂಬುದು, ಕೊನೆಯಲ್ಲಿ ‘ಫ್ಲಷ್ಡ್’ ಅಥವಾ ‘ನಾಟ್ ಫ್ಲಷ್ಡ್’ ಎಂಬ ಮಾತು ಇಷ್ಟನ್ನು ಬರೆಯುತ್ತದೆ. ‘ಫ್ಲಷ್ಡ್’ ಎಂದರೆ ಸರ್ವರಿನಿಂದ ಅಳಿಸಲು ಹೇಳಿದೆ ಎಂದರ್ಥ. ಸಾಮಾನ್ಯ ಮಟ್ಟದ ಲಾಗಿನಲ್ಲಿ ಮೆಸೇಜ್-ಐಡಿ ಇರುವುದಿಲ್ಲವಾದ್ದರಿಂದ ಸಮಯವನ್ನೂ ಗಾತ್ರವನ್ನೂ ತಾಳೆ ನೋಡಿ ಸಾಲನ್ನು ಗುರುತಿಸಬೇಕು. ನಡುವೆ ಇಮೇಲ್ ಪಡೆದು ಸಾಗಿಸುವ ಪೋಸ್ಟ್‌ಫಿಕ್ಸ್ ಎಂಬ ಪ್ರೋಗ್ರಾಮ್ ಇದ್ದರೆ ಕೆಲಸ ಸುಲಭ. ಅದರ ‘ಕ್ಲೀನಪ್’ ಎಂಬ ಭಾಗ ಮೆಸೇಜ್-ಐಡಿಯನ್ನೂ ತನ್ನ ಸರದಿ ಸಂಖ್ಯೆಯನ್ನೂ ಒಂದೇ ಸಾಲಿನಲ್ಲಿ ಬರೆಯುತ್ತದೆ. ಆ ಸಂಖ್ಯೆ ಹಿಡಿದು ಮುಂದೆ ಹೋದರೆ ‘ಸೆಂಟ್’ (ಕಳಿಸಿದೆ), ‘ಡಿಫರ್ಡ್’ (ಮುಂದೂಡಿದೆ), ‘ಬೌನ್ಸ್ಡ್’ (ಹಿಂದಿರುಗಿಸಿದೆ) ಇವುಗಳಲ್ಲಿ ಒಂದು ಸಿಗುತ್ತದೆ. ಕೊನೆಗೆ ಡವ್‌ಕಾಟ್‌ನ ವಿತರಣಾ ಭಾಗ ಮೆಸೇಜ್-ಐಡಿಯೊಂದಿಗೆ ಇಂಥ ಫೋಲ್ಡರಿನಲ್ಲಿ ಉಳಿಸಿದೆ ಎಂದು ಬರೆಯುತ್ತದೆ. ಈ ಮೂರರಲ್ಲಿ ಯಾವ ಎರಡರ ನಡುವೆ ಹೆಜ್ಜೆ ಕಡಿದುಹೋಗಿದೆಯೋ ಅಲ್ಲಿ ದೋಷವಿದೆ. ‘ಫ್ಲಷ್ಡ್’ ಇದ್ದು ‘ಉಳಿಸಿದೆ’ ಇಲ್ಲವೆಂದರೆ ನಡುವಿನ ಯಾರೋ ಸುಳ್ಳು ಹೇಳಿದ್ದಾರೆ.

ಸುಳ್ಳು ರಸೀದಿ ಹುಟ್ಟುವ ಬಗೆ

ನಮ್ಮ ಮನೆಯ ಪ್ರಕರಣದಲ್ಲಿ ಫೆಚ್‌ಮೇಲ್ ನೇರವಾಗಿ, ವಿತರಣಾ ಪ್ರೋಗ್ರಾಮ್ ಯಾವುದೆಂದು ಹೇಳುವ ‘ಎಂಡಿಎ’ ಆಯ್ಕೆಯ ಮೂಲಕ, ನಾನೇ ಬರೆದಿದ್ದ ಆರೇಳು ಸಾಲಿನ ಶೆಲ್ ಸ್ಕ್ರಿಪ್ಟಿಗೆ ಸಂದೇಶವನ್ನು ಕೊಡುತ್ತಿತ್ತು. ಸ್ಕ್ರಿಪ್ಟ್ ಅದನ್ನು ಡವ್‌ಕಾಟ್‌ನ ವಿತರಣಾ ಪ್ರೋಗ್ರಾಮಿಗೆ ಕೊಟ್ಟು, ಕೊನೆಯ ಸಾಲಿನಲ್ಲಿ ಎಕೋ ಆಜ್ಞೆಯಿಂದ ‘ತಲುಪಿಸಲಾಯಿತು’ ಎಂಬ ಮಾತನ್ನೂ ದಿನಾಂಕವನ್ನೂ ಲಾಗಿಗೆ ಸೇರಿಸುತ್ತಿತ್ತು. ಮೇಲ್ನೋಟಕ್ಕೆ ಯಾವ ದೋಷವೂ ಕಾಣದು. ಆದರೆ ಶೆಲ್ ಸ್ಕ್ರಿಪ್ಟೊಂದು ತನ್ನನ್ನು ಕರೆದವರಿಗೆ ಹಿಂತಿರುಗಿಸುವುದು ತನ್ನಲ್ಲಿ ಕೊನೆಗೆ ಓಡಿದ ಆಜ್ಞೆಯ ಫಲಿತಸಂಖ್ಯೆಯನ್ನು. ಅಂದು ‘ಹೋಮ್’ ಭಾಗದ ಡಿಸ್ಕ್ ತುಂಬಿತ್ತು. ಡವ್‌ಕಾಟ್ ಬರೆಯಲಾಗದೆ 75 ಎಂಬ ಸಂಖ್ಯೆಯನ್ನು ಹಿಂತಿರುಗಿಸಿತು; ಯುನಿಕ್ಸ್ ರೂಢಿಯಲ್ಲಿ ಅದರ ಅರ್ಥ ‘ಈಗ ಆಗಲಿಲ್ಲ, ಆಮೇಲೆ ಮತ್ತೆ ಪ್ರಯತ್ನಿಸಿ’ ಎಂದು. ಲಾಗ್ ಇದ್ದದ್ದು ಬೇರೆ ಭಾಗದಲ್ಲಿ, ಅಲ್ಲಿ ಜಾಗವಿತ್ತು. ಎಕೋ ಯಶಸ್ವಿಯಾಗಿ ಬರೆದು ಸೊನ್ನೆಯನ್ನು ಹಿಂತಿರುಗಿಸಿತು, ಸೊನ್ನೆಯೆಂದರೆ ‘ಎಲ್ಲ ಸರಿಯಾಗಿದೆ’. ಫೆಚ್‌ಮೇಲ್ ಆ ಸೊನ್ನೆಯನ್ನು ನಂಬಿ ಸರ್ವರಿನ ಪ್ರತಿಯನ್ನು ಅಳಿಸಿತು. ಎಲ್ಲ ಸರಿಯಾಗಿದೆಯೇ ಎಂದು ನನಗೆ ಗೊತ್ತಾಗಲಿ ಎಂದೇ ಸೇರಿಸಿದ್ದ ಆ ಸಾಲು ನಷ್ಟಕ್ಕೆ ಕಾರಣವಾಯಿತೆಂಬುದು ಇಂದಿಗೂ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ.

ಪರಿಹಾರ ಸರಳ: ವಿತರಣಾ ಆಜ್ಞೆ ಮುಗಿದ ಮರುಕ್ಷಣವೇ ಅದರ ಫಲಿತಸಂಖ್ಯೆಯನ್ನು ಒಂದು ಚರಾಕ್ಷರದಲ್ಲಿ ಹಿಡಿದಿಟ್ಟು, ಲಾಗ್ ಬರೆಯುವುದಿದ್ದರೆ ಆ ಸಂಖ್ಯೆಯನ್ನೂ ಸೇರಿಸಿ ಬರೆದು, ಕೊನೆಯಲ್ಲಿ ಅದೇ ಸಂಖ್ಯೆಯೊಂದಿಗೆ ಹೊರಬರಬೇಕು. ಪೈಪ್ ಬಳಸಿದ್ದರೆ ಇದಕ್ಕಿಂತ ಸೂಕ್ಷ್ಮವಾದ ಅಪಾಯವಿದೆ. ಸಂದೇಶವನ್ನು ಮೊದಲು ಒಂದು ಶೋಧಕದ ಮೂಲಕ ಹಾಯಿಸಿ ಅಲ್ಲಿಂದ ವಿತರಣೆಗೆ ಕೊಡುವಾಗ, ಶೋಧಕ ನಡುವೆಯೇ ಸತ್ತರೂ ಪೈಪಿನ ಕೊನೆಯಲ್ಲಿರುವ ವಿತರಣಾ ಪ್ರೋಗ್ರಾಮ್ ತನಗೆ ಬಂದಷ್ಟನ್ನು, ಅದು ಖಾಲಿಯಾಗಿದ್ದರೂ, ನಿಷ್ಠೆಯಿಂದ ಉಳಿಸಿ ಸೊನ್ನೆ ಎನ್ನುತ್ತದೆ. ಮೇಲ್‌ಡಿರ್‌ನಲ್ಲಿ ಖಾಲಿ ಅಥವಾ ತುಂಡಾದ ಸಂದೇಶಗಳು ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಬ್ಯಾಷ್‌ನಲ್ಲಿ ‘ಪೈಪ್‌ಫೇಲ್’ ಆಯ್ಕೆಯನ್ನು ಹಾಕಿದರೆ ಪೈಪಿನ ಯಾವ ಭಾಗ ಸೋತರೂ ಒಟ್ಟು ಫಲಿತ ಸೋಲಾಗುತ್ತದೆ. ಆದರೆ ಅಷ್ಟರಲ್ಲಿ ತುಂಡು ಸಂದೇಶ ಪೆಟ್ಟಿಗೆಗೆ ಬಿದ್ದಿರುವುದರಿಂದ, ಶೋಧಕದ ಫಲಿತವನ್ನು ಮೊದಲು ತಾತ್ಕಾಲಿಕ ಕಡತಕ್ಕೆ ಬರೆದು, ಅದು ಸರಿಯಿದ್ದರೆ ಮಾತ್ರ ವಿತರಣೆಗೆ ಕೊಡುವುದು ನನ್ನ ಮಟ್ಟಿಗೆ ಇನ್ನೂ ಒಳ್ಳೆಯ ಕ್ರಮ.

ಡಿಸ್ಕ್ ತುಂಬಿದೆಯೇ ಎಂದು ನೋಡುವಾಗ ಉಳಿದ ಗಿಗಾಬೈಟುಗಳನ್ನು ಮಾತ್ರ ನೋಡಬೇಡಿ. ಮೇಲ್‌ಡಿರ್‌ನಲ್ಲಿ ಸಂದೇಶಕ್ಕೊಂದು ಕಡತವಿರುವುದರಿಂದ ಜಾಗ ಉಳಿದಿದ್ದರೂ ಕಡತಕ್ಕೊಂದರಂತೆ ಬೇಕಾಗುವ ಐನೋಡ್‌ಗಳು ಮುಗಿದಿರಬಹುದು. ಡಿಎಫ್ ಆಜ್ಞೆಗೆ ‘ಐ’ ಆಯ್ಕೆ ಕೊಟ್ಟರೆ ಅದು ತಿಳಿಯುತ್ತದೆ.

ಪೋಸ್ಟ್‌ಫಿಕ್ಸ್ ನಡುವೆ ಇದ್ದಾಗ

ಸ್ವಂತ ಸ್ಕ್ರಿಪ್ಟಿನ ಬದಲು ಪೋಸ್ಟ್‌ಫಿಕ್ಸಿಗೆ ಸಂದೇಶ ಒಪ್ಪಿಸುವುದು ಹೆಚ್ಚು ಭದ್ರ. ಅದು ಸರದಿಯ ಕಡತವನ್ನು ಡಿಸ್ಕಿಗೆ ಖಚಿತವಾಗಿ ಬರೆದ ಮೇಲೆಯೇ 250 ಎನ್ನುತ್ತದೆ, ವಿತರಣೆ ತಾತ್ಕಾಲಿಕವಾಗಿ ಸೋತರೆ ತಾನಾಗಿ ಐದು ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆದರೂ ಇಲ್ಲಿ ಒಂದು ಗುಂಡಿಯಿದೆ. ವಿತರಣಾ ಆಜ್ಞೆ 75ರ ಬದಲು ಬೇರೆ ಸೋಲಿನ ಸಂಖ್ಯೆಯನ್ನು, ಉದಾಹರಣೆಗೆ ‘ಕಡತ ಸೃಷ್ಟಿಸಲಾಗಲಿಲ್ಲ’ ಎಂಬರ್ಥದ 73ನ್ನು, ಹಿಂತಿರುಗಿಸಿದರೆ ಪೋಸ್ಟ್‌ಫಿಕ್ಸ್ ಅದನ್ನು ಶಾಶ್ವತ ಸೋಲೆಂದು ತಿಳಿದು ಸಂದೇಶವನ್ನು ಕಳಿಸಿದವರಿಗೆ ಹಿಂದಿರುಗಿಸಲು ಹೊರಡುತ್ತದೆ. ಪ್ರಾಕ್‌ಮೇಲ್ ‘ಟಿ’ ಆಯ್ಕೆಯಿಲ್ಲದೆ ಓಡುತ್ತಿದ್ದರೆ ಹೀಗಾಗುತ್ತದೆ. ಆ ಆಯ್ಕೆ ಕೊಟ್ಟರೆ ಸಂದೇಶ ಸರದಿಯಲ್ಲೇ ಉಳಿಯುತ್ತದೆ. ಹಿಂದಿರುಗಿಸಿದರೆ ಕಳಿಸಿದವರಿಗಾದರೂ ತಿಳಿಯುತ್ತದಲ್ಲವೇ ಎಂದು ಕೇಳಬಹುದು. ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕದಿಂದ ಹೊರಡುವ ಇಮೇಲನ್ನು ಹಲವು ಸೇವಾದಾರರು ಸರ್ವರುಗಳ ನಡುವೆ ಇಮೇಲ್ ಸಾಗುವ ದ್ವಾರವಾದ ಪೋರ್ಟ್ 25ರಲ್ಲೇ ತಡೆಯುತ್ತಾರೆ, ದಾಟಿ ಹೋದರೂ ಎದುರಿನ ಸರ್ವರುಗಳು ಮನೆಯ ಐಪಿ ವಿಳಾಸವೆಂದು ನಿರಾಕರಿಸುತ್ತವೆ. ಹೀಗೆ ಸಂದೇಶವೂ ಹೋಗುತ್ತದೆ, ಹೋಯಿತೆಂಬ ಸೂಚನೆಯೂ ಹೋಗುತ್ತದೆ. ಯಾರಿಗೂ ಏನೂ ತಿಳಿಯದ ನಷ್ಟ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ಆದ್ದರಿಂದ ಇಂಥ ಯಂತ್ರಗಳಲ್ಲಿ ಪೋಸ್ಟ್‌ಫಿಕ್ಸಿನ ‘ಸಾಫ್ಟ್ ಬೌನ್ಸ್’ ಸೆಟ್ಟಿಂಗನ್ನು ಹೌದು ಎಂದಿಡಿ, ಹಿಂದಿರುಗಿದ ಪ್ರತಿ ಸಂದೇಶದ ಸೂಚನೆ ಪೋಸ್ಟ್‌ಮಾಸ್ಟರಿಗೆ, ಅಂದರೆ ನಿಮಗೇ, ಬರುವಂತೆ ಸೂಚನಾ ವರ್ಗಗಳಿಗೆ ಬೌನ್ಸನ್ನೂ ಸೇರಿಸಿ. ಫೆಚ್‌ಮೇಲ್‌ನಲ್ಲೂ ‘ಸಾಫ್ಟ್‌ಬೌನ್ಸ್’ ಎಂಬ ಆಯ್ಕೆಯಿದೆ. ಪೋಸ್ಟ್‌ಫಿಕ್ಸ್ ನಿರಾಕರಿಸಿದ ಸಂದೇಶವನ್ನು ಅದು ಸರ್ವರಿನಲ್ಲೇ ಬಿಡುತ್ತದೆ. ಆವೃತ್ತಿ ಬದಲಾದಾಗ ತಾನಾಗಿರುವ ನಡವಳಿಕೆ ಬದಲಾಗಬಹುದಾದ್ದರಿಂದ ಇದನ್ನು ಸಂರಚನೆಯಲ್ಲಿ ಸ್ಪಷ್ಟವಾಗಿ ಬರೆದಿಡಿ.

ಗಾತ್ರದ ಮಿತಿಯನ್ನೂ ನೋಡಿ. ಪೋಸ್ಟ್‌ಫಿಕ್ಸ್ ತಾನಾಗಿ ಒಪ್ಪುವುದು 1,02,40,000 ಬೈಟ್‌ವರೆಗಿನ ಸಂದೇಶವನ್ನು. ಲಗತ್ತುಗಳು ಬೇಸ್64ಕ್ಕೆ ಬದಲಾಗುವಾಗ ಮೂರರಲ್ಲಿ ಒಂದು ಪಾಲು ಹಿಗ್ಗುವುದರಿಂದ ಸುಮಾರು ಏಳೂವರೆ ಎಂಬಿಯ ಸ್ಕ್ಯಾನ್ ಪ್ರತಿಯೇ ಈ ಮಿತಿಯನ್ನು ಮುಟ್ಟುತ್ತದೆ. ಜಿಮೇಲ್‌ನಂಥ ಸೇವೆಯಿಂದ 25 ಎಂಬಿಯವರೆಗೆ ಕಳಿಸಬಹುದು. ಮಿತಿ ಮೀರಿದ್ದಕ್ಕೆ ಪೋಸ್ಟ್‌ಫಿಕ್ಸ್ 552 ಎನ್ನುತ್ತದೆ. ಸಾಫ್ಟ್‌ಬೌನ್ಸ್ ಇಲ್ಲದ ಫೆಚ್‌ಮೇಲ್ ಆ ಉತ್ತರ ಬಂದರೆ ಸರ್ವರಿನ ಪ್ರತಿಯನ್ನು ಅಳಿಸುತ್ತದೆ. ದೊಡ್ಡ ಲಗತ್ತಿನ ಪತ್ರಗಳು ಮಾತ್ರ ಕಾಣೆಯಾಗುತ್ತಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ಇದನ್ನೇ ಮೊದಲು ನೋಡಿ.

ಉಳಿದ ಕಾರಣಗಳು

ಒಂದೇ ಪೆಟ್ಟಿಗೆಯಿಂದ ಎರಡು ಯಂತ್ರಗಳು ಇಳಿಸಿಕೊಳ್ಳುತ್ತಿರಬಹುದು. ಹೊಸ ಯಂತ್ರಕ್ಕೆ ಬದಲಾದ ಮೇಲೆ ಬೀರುವಿನಲ್ಲಿದ್ದ ಹಳೆಯ ಲ್ಯಾಪ್‌ಟಾಪನ್ನು ಮಗ ಆಟವಾಡಲು ಆನ್ ಮಾಡಿದರೆ ಸಾಕು, ಅದರಲ್ಲಿ ಉಳಿದಿದ್ದ ಫೆಚ್‌ಮೇಲ್ ಎದ್ದು ಬಂದ ಪತ್ರಗಳನ್ನೆಲ್ಲ ಇಳಿಸಿಕೊಂಡು ಸರ್ವರಿನಿಂದ ಅಳಿಸಿಬಿಡುತ್ತದೆ. ನಮ್ಮ ಲಾಗಿನಲ್ಲಿ ಹೆಜ್ಜೆಯೇ ಇಲ್ಲದ ಸಂದೇಶಗಳಿಗೆ ಇದು ಸಾಮಾನ್ಯ ಕಾರಣ. ಸೇವಾದಾರರು ತೋರಿಸುವ ಇತ್ತೀಚಿನ ಪ್ರವೇಶಗಳ ಪಟ್ಟಿಯನ್ನು ನೋಡಿದರೆ ತಿಳಿಯುತ್ತದೆ.

‘ಫ್ಲಷ್’ ಎಂಬ ಆಯ್ಕೆಯನ್ನು ಯಾವತ್ತೂ ಬಳಸಬೇಡಿ. ಸರ್ವರಿನಲ್ಲಿ ಓದಿದ ಗುರುತಿರುವುದನ್ನೆಲ್ಲ ಅದು ಇಳಿಸಿಕೊಳ್ಳುವ ಮೊದಲೇ ಅಳಿಸುತ್ತದೆ. ಫೋನಿನಲ್ಲಿ ಓದಿದ್ದು, ಫೆಚ್‌ಮೇಲ್ ಅದನ್ನು ಒಮ್ಮೆಯೂ ಇಳಿಸದಿದ್ದರೂ, ಹೋಗುತ್ತದೆ. ಅದರ ಕೈಪಿಡಿಯೇ ಈ ಬಗ್ಗೆ ಎಚ್ಚರಿಸಿದೆ. ಒಂದೇ ಪೆಟ್ಟಿಗೆಗೆ ಬಂದದ್ದನ್ನು ಹಲವರಿಗೆ ಹಂಚುವ ‘ಮಲ್ಟಿಡ್ರಾಪ್’ ವಿಧಾನವೂ ಹಾಗೆಯೇ: ಗುಪ್ತ ಪ್ರತಿಯಾಗಿ ಬಂದ ಪತ್ರದ ತಲೆಬರಹದಲ್ಲಿ ನಿಮ್ಮ ವಿಳಾಸವೇ ಇರುವುದಿಲ್ಲ, ಹಾಗಾಗಿ ಅದು ಯಾರಿಗೆಂದು ಫೆಚ್‌ಮೇಲ್‌ಗೆ ತಿಳಿಯುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಪೆಟ್ಟಿಗೆ ಮಾಡಿಸಿ.

ಎಂಬಾಕ್ಸ್ ರೂಪದಲ್ಲಿ, ಅಂದರೆ ಎಲ್ಲ ಪತ್ರಗಳನ್ನೂ ಒಂದೇ ಕಡತದಲ್ಲಿ, ಇನ್ನೂ ಉಳಿಸುತ್ತಿರುವವರು ಪ್ರಾಕ್‌ಮೇಲ್ ನಿಯಮದ ಮೊದಲ ಸಾಲಿನಲ್ಲಿ ಎರಡನೆಯ ಅಪೂರ್ಣ ವಿರಾಮ ಚಿಹ್ನೆ (:) ಇದೆಯೇ ನೋಡಬೇಕು. ಅದಿಲ್ಲದಿದ್ದರೆ ಬೀಗವಿಲ್ಲ, ಒಟ್ಟಿಗೆ ಬಂದ ಎರಡು ಪತ್ರಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಹೊಸದಾಗಿ ಕಟ್ಟುವವರಿಗೆ ನನ್ನ ಸಲಹೆ ಮೇಲ್‌ಡಿರ್, ಮತ್ತು ಪ್ರಾಕ್‌ಮೇಲ್ ಬದಲು ಡವ್‌ಕಾಟ್‌ನ ಸೀವ್. 2008ರ ಆರ್‌ಎಫ್‌ಸಿ 5228 ರೂಪಿಸಿದ ಈ ಭಾಷೆಯಲ್ಲಿ, ಯಾವ ನಿಯಮವೂ ಸಂದೇಶದ ಬಗ್ಗೆ ತೀರ್ಮಾನಿಸದಿದ್ದರೆ ಅದು ಇನ್‌ಬಾಕ್ಸಿನಲ್ಲಿ ಉಳಿಯುತ್ತದೆ. ಅದಕ್ಕಾಗಿ ನಾವು ಏನನ್ನೂ ಬರೆಯಬೇಕಿಲ್ಲ.

ಬೇಕೆಂದೇ ಕೆಡಿಸಿ ನೋಡುವುದು

ಸರಿಪಡಿಸಿದ ಮೇಲೆ ಒಂದು ಪತ್ರ ಕಳಿಸಿ, ಬಂತು ಎಂದು ನೋಡಿ ಸಮಾಧಾನಪಟ್ಟುಕೊಂಡರೆ ಏನೂ ಪರೀಕ್ಷಿಸಿದಂತಾಗುವುದಿಲ್ಲ. ಒಳ್ಳೆಯ ದಿನಗಳಲ್ಲಿ ನನ್ನ ಕೆಟ್ಟ ಸ್ಕ್ರಿಪ್ಟೂ ಪತ್ರಗಳನ್ನು ತಲುಪಿಸುತ್ತಲೇ ಇತ್ತು. ಪರೀಕ್ಷಿಸಬೇಕಾದದ್ದು ಸೋಲನ್ನು.

ಪರೀಕ್ಷೆಗೆಂದೇ ಬೇರೊಂದು ಅಂಚೆಪೆಟ್ಟಿಗೆಯನ್ನೂ ಬೇರೊಂದು ಬಳಕೆದಾರ ಖಾತೆಯನ್ನೂ ಮಾಡಿಕೊಳ್ಳಿ. ಆ ಖಾತೆಯ ಮೇಲ್‌ಡಿರ್ ಇರುವ ಜಾಗಕ್ಕೆ 64 ಕೆಬಿ ಮಾತ್ರ ಹಿಡಿಸುವ ಟಿಎಂಪಿಎಫ್‌ಎಸ್ (ಮೆಮೊರಿಯಲ್ಲಿರುವ ತಾತ್ಕಾಲಿಕ ಡಿಸ್ಕ್) ಒಂದನ್ನು ಮೌಂಟ್ ಮಾಡಿ, ಅದರ ಒಡೆತನವನ್ನು ಆ ಬಳಕೆದಾರನಿಗೆ ಕೊಡಿ. ಈಗ ಆ ವಿಳಾಸಕ್ಕೆ 200 ಕೆಬಿಯ ಒಂದು ಚಿತ್ರವನ್ನು ಕಳಿಸಿ ಫೆಚ್‌ಮೇಲನ್ನು ಕೈಯಾರೆ ಒಮ್ಮೆ ಓಡಿಸಿ. ನೇರ ವಿತರಣೆಯಿದ್ದರೆ ಸಾಲಿನ ಕೊನೆಯಲ್ಲಿ ‘ನಾಟ್ ಫ್ಲಷ್ಡ್’ ಎಂದಿರಬೇಕು, ಸರ್ವರಿನಲ್ಲಿ ಸಂದೇಶ ಇನ್ನೂ ಇರಬೇಕು. ಪೋಸ್ಟ್‌ಫಿಕ್ಸ್ ನಡುವೆ ಇದ್ದರೆ ಸಂದೇಶ ಅದರ ಸರದಿಯಲ್ಲಿ ‘ಡಿಫರ್ಡ್’ ಆಗಿ ಕುಳಿತಿರಬೇಕು. ಟಿಎಂಪಿಎಫ್‌ಎಸ್ ತೆಗೆದು ಸ್ವಲ್ಪ ಕಾದರೆ ಅದೇ ಸಂದೇಶ ಒಂದೇ ಒಂದು ಸಲ, ಪೂರ್ತಿಯಾಗಿ ಬರಬೇಕು. ಇದರ ನಂತರ ವಿತರಣಾ ಪ್ರೋಗ್ರಾಮಿನ ಹೆಸರನ್ನೇ ತಪ್ಪಾಗಿ ಬರೆದು ಓಡಿಸಿ, ಶೋಧಕವನ್ನು ನಡುವೆ ಕೊಂದು ಓಡಿಸಿ, ಇಳಿಯುತ್ತಿರುವಾಗ ನೆಟ್ ಕೇಬಲ್ ಕಿತ್ತು ನೋಡಿ. ಪ್ರತಿ ಸಲವೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕ್ಷಣದಲ್ಲಿ ಪೂರ್ತಿ ಪ್ರತಿ ಯಾರ ಬಳಿ ಇದೆ? ಹೆಸರು ಹೇಳಲಾಗದಿದ್ದರೆ ಕೆಲಸ ಮುಗಿದಿಲ್ಲ. ಡಿಸ್ಟ್ರಿಬ್ಯೂಷನ್ನಿನ ದೊಡ್ಡ ಆವೃತ್ತಿ ಬದಲಾದಾಗಲೆಲ್ಲ ಈ ಪರೀಕ್ಷೆಯನ್ನು ಮತ್ತೆ ಮಾಡುತ್ತೇನೆ. ಒಂದು ಗಂಟೆಯೂ ಹಿಡಿಯುವುದಿಲ್ಲ.

ಅಳಿಸುವಿಕೆಯನ್ನು ತಡಮಾಡುವುದು

ಇಷ್ಟೆಲ್ಲ ಮಾಡಿದರೂ ನಾಳೆ ಹೊಸದೊಂದು ಸುಳ್ಳು ರಸೀದಿ ಹುಟ್ಟಬಹುದು. ಆದ್ದರಿಂದ ‘ಕೀಪ್’ ಆಯ್ಕೆಯನ್ನು ಹಾಕಿ, ಇಳಿಸಿದ ಸಂದೇಶ ಸರ್ವರಿನಲ್ಲೂ ಉಳಿಯುವಂತೆ ಮಾಡಿ. ಪಾಪ್3 ಬಳಸುವಾಗ ಯಾವುದನ್ನು ಇಳಿಸಿದ್ದಾಗಿದೆ ಎಂಬುದಕ್ಕೆ ಸರ್ವರ್ ಪ್ರತಿ ಸಂದೇಶಕ್ಕೂ ಕೊಡುವ ಯುಐಡಿಎಲ್ ಗುರುತುಗಳೇ ಆಧಾರ, ಅವು ಫೆಚ್‌ಐಡಿಎಸ್ ಕಡತದಲ್ಲಿರುತ್ತವೆ. ಆ ಕಡತ ಕಳೆದುಹೋದರೆ ಎಲ್ಲವೂ ಮತ್ತೊಮ್ಮೆ ಇಳಿಯುತ್ತದೆ, ಅಷ್ಟೇ. ಆದರೆ ಹಾಗೆಯೇ ಬಿಟ್ಟರೆ ಪೆಟ್ಟಿಗೆ ತುಂಬಿ ಹೊಸ ಪತ್ರಗಳನ್ನು ಸರ್ವರೇ ನಿರಾಕರಿಸುವ ದಿನ ಬರುತ್ತದೆ. ಜಿಮೇಲ್‌ನ ಉಚಿತ 15 ಜಿಬಿಯಲ್ಲಿ ಡ್ರೈವ್ ಮತ್ತು ಫೋಟೋಗಳ ಪಾಲೂ ಸೇರಿದೆ ಎಂಬುದನ್ನು ನೆನಪಿಡಬೇಕು. ಹಾಗಾಗಿ ಅಳಿಸುವ ಕೆಲಸವನ್ನು ಇಳಿಸುವ ಕೆಲಸದಿಂದ ಬೇರ್ಪಡಿಸಿ. ಗೆಟ್‌ಮೇಲ್ ಎಂಬ ಪರ್ಯಾಯ ಪ್ರೋಗ್ರಾಮಿನಲ್ಲಿ ‘ಇಷ್ಟು ದಿನಗಳ ನಂತರ ಅಳಿಸು’ ಎಂಬ ಸೆಟ್ಟಿಂಗೇ ಇದೆ. ವಿತರಣಾ ಪ್ರೋಗ್ರಾಮ್ ದೋಷಸೂಚನೆಗಳು ಹೋಗುವ ವಾಹಿನಿಗೆ ಒಂದಕ್ಷರ ಬರೆದರೂ ಅದನ್ನು ಸೋಲೆಂದೇ ಪರಿಗಣಿಸುವಷ್ಟು ಅದು ಎಚ್ಚರಿಕೆಯುಳ್ಳದ್ದು. ನಾನು 30 ದಿನಗಳ ಅವಧಿ ಇಟ್ಟುಕೊಂಡಿದ್ದೇನೆ.

ಆ 30 ದಿನಗಳು ಉಪಯೋಗಕ್ಕೆ ಬರಬೇಕಾದರೆ ತಾಳೆ ನೋಡುವವರೊಬ್ಬರು ಬೇಕು. ಪ್ರತಿ ರಾತ್ರಿ ಓಡುವ ಒಂದು ಸಣ್ಣ ಸ್ಕ್ರಿಪ್ಟ್ ಸರ್ವರಿನಲ್ಲಿ ಕಳೆದ ಏಳು ದಿನಗಳಲ್ಲಿ ಬಂದ ಸಂದೇಶಗಳ ಮೆಸೇಜ್-ಐಡಿಗಳನ್ನು ಐಮ್ಯಾಪ್ ಮೂಲಕ, ಓದಿದ ಗುರುತು ಬೀಳದ ‘ಪೀಕ್’ ವಿಧಾನದಲ್ಲಿ, ತಲೆಬರಹ ಮಾತ್ರ ತರಿಸಿಕೊಂಡು ಪಟ್ಟಿ ಮಾಡುತ್ತದೆ. ಅದೇ ಅವಧಿಯ ಸ್ಥಳೀಯ ಪಟ್ಟಿಯನ್ನು ಡವ್‌ಕಾಟ್‌ನ ಡವ್‌ಅಡ್ಮ್ ಆಜ್ಞೆಯಿಂದ ಪಡೆಯುತ್ತದೆ. ಮೊದಲಿನದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ್ದನ್ನು ಫೋನಿಗೆ ಕಳಿಸುತ್ತದೆ. ಈ ಸೂಚನೆಯನ್ನು ಇಮೇಲ್‌ನಲ್ಲಿ ಕಳಿಸಿಕೊಳ್ಳಬೇಡಿ, ಅನುಮಾನವಿರುವುದೇ ಆ ದಾರಿಯ ಬಗ್ಗೆ. ಎಲ್ಲ ಸರಿಯಿದ್ದ ದಿನವೂ ‘ಇಂದು ಇಷ್ಟು, ಕೊರತೆ ಸೊನ್ನೆ’ ಎಂಬ ಸಾಲು ಬರುವಂತಿರಲಿ, ಏಕೆಂದರೆ ಸ್ಕ್ರಿಪ್ಟೇ ಸತ್ತುಹೋಗಿದ್ದರೂ ಮೌನವೇ ಇರುತ್ತದೆ.

ಈಗಾಗಲೇ ಹೋದದ್ದಕ್ಕೆ

ಸರ್ವರಿನ ಕಸದ ಬುಟ್ಟಿಯನ್ನು ಮೊದಲು ನೋಡಿ. ಪಾಪ್ ಮೂಲಕ ಇಳಿಸಿದ ಪ್ರತಿಯನ್ನು ಏನು ಮಾಡಬೇಕೆಂಬುದನ್ನು ಜಿಮೇಲ್ ತನ್ನ ಸೆಟ್ಟಿಂಗಿನಂತೆ ನಿರ್ಧರಿಸುವುದರಿಂದ ಸಂದೇಶ ಆರ್ಕೈವಿನಲ್ಲೋ ಕಸದ ಬುಟ್ಟಿಯಲ್ಲೋ ಇರಬಹುದು. ಬುಟ್ಟಿಯಲ್ಲಿ ಅದು 30 ದಿನ ಇರುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದ ನಂತರವೇ ಅದರ ಇಮೇಲ್ ಆ್ಯಪನ್ನು ತೆರೆಯಿರಿ. ಸರ್ವರಿನೊಂದಿಗೆ ಹೊಂದಿಸಿಕೊಳ್ಳಲು ಬಿಟ್ಟರೆ ಫೋನಿನಲ್ಲಿ ಉಳಿದಿರುವ ಪ್ರತಿಯೂ ಅಳಿಸಿಹೋಗುತ್ತದೆ. ನನ್ನ ಹನ್ನೊಂದರಲ್ಲಿ ಮೂರು ಹೀಗೆ ಸಿಕ್ಕಿದವು. ಉಳಿದ ಎಂಟಕ್ಕೆ ಫೆಚ್‌ಮೇಲ್ ಲಾಗಿನ ಸಮಯ ಮತ್ತು ಗಾತ್ರಗಳನ್ನು ಮುಂದಿಟ್ಟುಕೊಂಡು ಆ ವಾರ ಯಾರು ಬರೆದಿರಬಹುದೆಂದು ಯೋಚಿಸಿ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಪಹಣಿಯನ್ನು ಅಕ್ಕ ಅದೇ ಸಂಜೆ ಮತ್ತೆ ಕಳಿಸಿದಳು. 4,213 ಆಕ್ಟೆಟ್‌ಗಳ ಒಂದು ಸಣ್ಣ ಪತ್ರ ಮಾತ್ರ ಯಾರದೆಂದು ತಿಳಿಯಲೇ ಇಲ್ಲ.